ಅಪ್ಪ ಉಜ್ಜಿದ ಎಲೆ

ಭಾನುವಾರ, ಹದಿನಾಲ್ಕನೇ ತಾರೀಖು
ಕೆಲಸದ ಕೋಣೆಯಿಂದ

ಪ್ರೀತಿಯ ಮೊದ್ದು,

ನೀನು ನನ್ನನ್ನು ಬೈದುಕೊಳ್ಳುತ್ತಿರುತ್ತೀಯ ಎಂದು ಗೊತ್ತು. ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು, ಅಕ್ಕ ಎನಿಸಿಕೊಂಡವಳು ಒಂದು ಸಾಲೂ ಗೀಚಲಿಲ್ಲ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಬರೀತೀನಿ ಇರೋ" ಎಂದು ಮಾತು ತೇಲಿಸಿಬಿಟ್ಟೆ. ನಮ್ಮ ಮನೆ ನೀನು ನೋಡಿದ್ದೀಯಲ್ಲ, ಎಲ್ಲಿ ನಿಂತು ಪಿಸುಗುಟ್ಟಿದರೂ ಅಪ್ಪನ ಕಿವಿಗೆ ಬೀಳುತ್ತದೆ. ಅವರ ಕಿವಿ ಈಗ ಎಷ್ಟು ಚುರುಕಾಗಿದೆಯೆಂದರೆ, ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎನ್ನುವುದನ್ನು ಆ ಮನೆಯವಳಿಗೇ ಹೇಳುತ್ತಾರೆ. ಅದಕ್ಕೇ ರಜಾದಿನವಾದರೂ ಗಿಡಗಳಿಗೆ ನೀರು ನೋಡಿ ಬರುತ್ತೇನೆ ಎಂದು ನೆವ ಹೇಳಿ ಇಲ್ಲಿಗೆ ಬಂದು ಕೂತಿದ್ದೇನೆ. ತಡವಾದದ್ದಕ್ಕೆ ಸಿಟ್ಟಿದ್ದರೆ ಪೂರ್ತಿ ಓದಿದ ಮೇಲೆ ಬೈಯಿ.

ಮೊದಲು ಮನೆ ಸುದ್ದಿ. ಎಲ್ಲರೂ ಹುಷಾರು. ಅಪ್ಪ ಎರಡು ಹೊತ್ತೂ ಚೆನ್ನಾಗಿ ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ, ಸಕ್ಕರೆ ಕಡಿಮೆ ಹಾಕಿದರೆ ತಕ್ಷಣ ಕಂಡುಹಿಡಿಯುತ್ತಾರೆ. ಬಂದ ಮೊದಲ ವಾರದಲ್ಲೇ ಮನೆಯಲ್ಲಿದ್ದ ಮರದ ಸಾಮಾನನ್ನೆಲ್ಲ ಉಜ್ಜಿ ಮುಗಿಸಿದರು. ಊಟದ ಮೇಜಿಗೆ ಎಂಥ ನಯ ಬಂದಿದೆಯೆಂದರೆ ನಿನ್ನ ಭಾವ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಊಟ ಮಾಡುತ್ತಾರೆ, ಇಲ್ಲದಿದ್ದರೆ ಅದು ನನ್ನ ಕಡೆಗೆ ಜಾರಿ ಬರುತ್ತದೆಯಂತೆ. "ನಿಮ್ಮಪ್ಪ ಇನ್ನೊಂದು ತಿಂಗಳಿದ್ರೆ ನನ್ನ ತಲೇನೂ ಉಜ್ಜಿ ಕೊಡ್ತಾರೆ, ಹೇಗೂ ಕೂದಲಿಲ್ಲ" ಎನ್ನುತ್ತಾರೆ. ಮರ ಮುಗಿದ ಮೇಲೆ ಅಪ್ಪ ಗೋಡೆಗೆ ಕೈಹಾಕಿದ್ದಾರೆ. ಕೋಣೆಯಿಂದ ಕೋಣೆಗೆ ಹೋಗುವಾಗ ಅಂಗೈಯಿಂದ ಗೋಡೆ ಸವರಿಕೊಂಡೇ ಹೋಗುವುದು, "ಯಾರಮ್ಮ ಸುಣ್ಣ ಬಳಿದಿದ್ದು, ಎಲ್ಲ ತರಿತರಿ" ಎಂದು ದೂರುವುದು. ಬಾಡಿಗೆ ಮನೆ ಅಪ್ಪ, ಇಷ್ಟೇ ಬರುವುದು ಎಂದರೆ ಮನೆ ಮಾಲೀಕನನ್ನೂ ಬಳಿದವನನ್ನೂ ಸೇರಿಸಿ ಬೈಯುತ್ತಾರೆ.

ಇನ್ನು ನೀನು ಕೇಳಿದ್ದು. ನಿನ್ನ ಪತ್ರ ಇಲ್ಲೇ ಮುಂದಿದೆ. ವಾಪಸ್ ಬಂದ ಆ ಕುರ್ಚಿಯ ವಿಷಯ ಓದಿ ನನಗೂ ಕಸಿವಿಸಿಯಾಯಿತು. ಒಂದೇ ಕುರ್ಚಿಯ ಒಂದು ತೋಳು ಕಂದು, ಇನ್ನೊಂದು ತೋಳು ಹೆಚ್ಚುಕಡಿಮೆ ಕಪ್ಪು ಎಂದರೆ ಗಿರಾಕಿ ಸುಮ್ಮನಿರುತ್ತಾರೆಯೇ. ನೀನು ಕೇಳಿದ್ದಕ್ಕೆ ಅಪ್ಪ, ಆ ಗಿರಾಕಿಯ ಮನೆಯ ದೀಪವೇ ಸರಿಯಿಲ್ಲ ಎಂದದ್ದು, ನೀನು ದನಿ ಏರಿಸಿದ್ದು, ಅವರು ಪಾಲಿಷ್ ಬಟ್ಟೆಗಳನ್ನು ಚೀಲಕ್ಕೆ ತುರುಕಿಕೊಂಡು ಬೆಳಗಿನ ಬಸ್ಸಿಗೇ ನನ್ನಲ್ಲಿಗೆ ಬಂದದ್ದು, ಎಲ್ಲ ಸರಿ. ಅದರ ಕೆಳಗೆ ನೀನು ಬರೆದಿದ್ದೀಯ: "ಅಕ್ಕ, ಅಪ್ಪನ ಕೈ ಹೋಯ್ತಾ, ಇಲ್ಲ ಬರೀ ಹಟಾನಾ, ನೀನೇ ನೋಡಿ ಹೇಳು. ಕೈ ಹೋಗಿದ್ರೆ ಲೈಬ್ರರಿಯವರ ಮೇಜುಗಳ ಕೆಲಸ ಬೇಡ ಅಂತೀನಿ. ಅಂಗಡೀನೂ ಮುಚ್ಚಿ ಕಾರ್ಖಾನೆಗೆ ಸೇರ್ಕೋತೀನಿ." ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಮರ ಕೊಯ್ದು ಜೋಡಿಸುವುದು ನೀನಾದರೂ ಜನ ಬರುವುದು ಅಪ್ಪನ ಹೊಳಪಿಗೆ. ಉತ್ತರ ಕೊಡುತ್ತೇನೆ. ಆದರೆ ನನಗೆ ಆ ಉತ್ತರ ಸಿಕ್ಕಿದ್ದು ಒಂದು ಕೋಸಿನ ಎಲೆಯ ಮೇಲೆ, ಹಾಗಾಗಿ ಕೋಸಿನಿಂದಲೇ ಶುರುಮಾಡಬೇಕು. ತಾಳ್ಮೆಯಿಂದ ಓದು. ಚಿಕ್ಕವನಿದ್ದಾಗ ನನ್ನ ಪಾಠಕ್ಕೆ ಆಕಳಿಸುತ್ತಿದ್ದೆಯಲ್ಲ, ಹಾಗೆ ಮಾಡಬೇಡ.

ಗಿಡಗಳನ್ನು ಪರೀಕ್ಷಿಸುವ ನಮ್ಮ ಸಂಸ್ಥೆಯ ಗಾಜುಮನೆಯಲ್ಲಿ ಎರಡು ತಳಿಯ ಎಲೆಕೋಸುಗಳಿವೆ. ಒಂದರ ಎಲೆ ಈಗಷ್ಟೇ ಎಣ್ಣೆ ಸವರಿದಂತೆ ಮಿರಮಿರ ಮಿಂಚುತ್ತದೆ. ಅದಕ್ಕೆ ನಾವಿಟ್ಟ ಹೆಸರು ಮಿಂಚಿ. ಇನ್ನೊಂದು ನೀಲಿ ಬೆರೆತ ಬೂದಿ ಬಣ್ಣದ್ದು, ಮೇಲೆ ಪುಡಿ ಉದುರಿಸಿದ ಹಾಗೆ ಮಂಕು. ಅದು ಬೂದಿ. ಆ ಪುಡಿ ಧೂಳಲ್ಲ, ಮೇಣ, ಎಲೆ ತಾನೇ ತಯಾರಿಸಿಕೊಂಡು ತನ್ನ ಚರ್ಮದ ಮೇಲೆ ಹೊದ್ದುಕೊಂಡದ್ದು. ತರಕಾರಿ ವ್ಯಾಪಾರಿಗಳಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. "ಮೇಡಂ, ಜನ ನೋಡಿದ ತಕ್ಷಣ ವಿಷ ಹೊಡೆದಿದ್ದಾರೆ ಅಂತಾರೆ. ನಮಗೆ ಫಳಫಳ ಅನ್ನೋದು ಕೊಡಿ" ಎಂಬುದೇ ಅವರ ಮಾತು. ಹಾಗಾಗಿ ನಮ್ಮ ಸಂಸ್ಥೆಯ ದೊಡ್ಡವರು ಬೂದಿಯನ್ನು ಕೈಬಿಟ್ಟು ಮಿಂಚಿಯ ಬೀಜವನ್ನಷ್ಟೇ ಬೆಳೆಸೋಣ ಎನ್ನುವ ಯೋಚನೆಯಲ್ಲಿದ್ದರು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಕೋಸಿಗೆ ಕಪ್ಪು ಚುಕ್ಕೆ ರೋಗ ಅಂತ ಒಂದಿದೆ, ಅದು ಒಂದು ಜಾತಿಯ ಬೂಷ್ಟು. ಮೋಡ ಮುಸುಕಿ ಜಿಟಿಜಿಟಿ ಹಿಡಿಯಿತೆಂದರೆ ಎಲೆಯ ಮೇಲೆಲ್ಲ ಕಪ್ಪು ಚುಕ್ಕೆ ಎದ್ದು, ಮಸಿ ಹಿಡಿದಂತಾಗಿ, ಒಂದಕ್ಕೊಂದು ಕೂಡಿಕೊಂಡು ಇಡೀ ಹೊಲ ಹಾಳಾಗುತ್ತದೆ. ಎಷ್ಟು ಸಲ ನೋಡಿದರೂ ಮಿಂಚಿಗೆ ಮೊದಲು ಅಂಟುತ್ತಿತ್ತು, ಬೂದಿ ತಣ್ಣಗೆ ನಿಂತಿರುತ್ತಿತ್ತು. ಈ ಮೇಣದಿಂದಲೇ ಬೂದಿ ಬದುಕುತ್ತಿದೆ ಎಂದು ನಾನು, "ಅದು ಹೇಗೆ ಹೇಳ್ತೀರಿ" ಎಂದು ದೊಡ್ಡವರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಎರಡೂ ಬೇರೆ ಬೇರೆ ತಳಿ, ಅವುಗಳ ನಡುವೆ ಇನ್ನೂ ನೂರು ವ್ಯತ್ಯಾಸ ಇರಬಹುದು. ಒಂದೇ ಗಿಡದ ಒಂದೇ ಎಲೆಯಲ್ಲಿ ಮೇಣ ಇರುವ ಜಾಗ, ಇಲ್ಲದ ಜಾಗ ಎರಡನ್ನೂ ತೋರಿಸಬೇಕು. ಮೇಣವನ್ನು ತೆಗೆಯಲು ನಾನು ಮಾಡದ ಕಸರತ್ತಿಲ್ಲ. ಮೇಣ ಕರಗಿಸುವ ದ್ರಾವಣದಲ್ಲಿ ಅದ್ದಿದರೆ ಎಲೆಯೇ ಸುಟ್ಟಂತಾಗುತ್ತಿತ್ತು. ಹತ್ತಿಯಿಂದ ಉಜ್ಜಿದರೆ ಚರ್ಮ ಗೀರುತ್ತಿತ್ತು, ಆಗ ರೋಗ ಬಂದರೆ "ಗಾಯದಿಂದ ಬಂತು" ಎನ್ನಲು ಅವರಿಗೆ ದಾರಿ. ಎಲೆಗೆ ಒಂದಿಷ್ಟೂ ನೋವಾಗದಂತೆ ಬರೀ ಮೇಣವನ್ನು ತೆಗೆಯುವ ಕೈ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಒಂದು ದಿನ ಅಪ್ಪನನ್ನು ಇಲ್ಲಿಗೆ ಕರೆತಂದೆ. ಮನೆಯಲ್ಲಿ ಉಜ್ಜಲು ಏನೂ ಉಳಿದಿರಲಿಲ್ಲ, ಪಾಪ. ಗಾಜುಮನೆಯ ಬೆಚ್ಚನೆ ಹವೆ ಅವರಿಗೆ ಹಿಡಿಸಿತು. ಸಾಲಿನ ಕೊನೆಯಲ್ಲಿ ಒಂದು ಸ್ಟೂಲು ಹಾಕಿ ಕೂರಿಸಿ, ನಮ್ಮ ಮಳೆರಾಯನಿಗೆ ಒಪ್ಪಿಸಿ ಮೀಟಿಂಗಿಗೆ ಹೋದೆ. ಮಳೆರಾಯ ಎಂದರೆ ಇಲ್ಲಿ ಮಂಜಿನಂತೆ ನೀರು ಚಿಮುಕಿಸುವ ಯಂತ್ರ ನೋಡಿಕೊಳ್ಳುವವನು. ಅವನು ಗುಂಡಿ ಒತ್ತಿದರೆ ನಮ್ಮ ಗಿಡಗಳಿಗೆ ಮಳೆಗಾಲ. ಅಪ್ಪನಿಗೆ ಕಾಫಿ ಕೊಟ್ಟು ಅವನು ತೊಟ್ಟಿ ತುಂಬಿಸಲು ಹಿಂದಕ್ಕೆ ಹೋಗಿದ್ದಾನೆ. ಅಪ್ಪ ಕೈಚಾಚಿ ಪಕ್ಕದ ಎಲೆ ಮುಟ್ಟಿದ್ದಾರೆ. ಬೆರಳಿಗೆ ಪುಡಿ ಸಿಕ್ಕಿದೆ.

ಮುಂದಿನದು ನಿನಗೆ ಹೇಳಬೇಕಾಗಿಯೇ ಇಲ್ಲ. ಜೇಬಿನಿಂದ ಹಳೇ ಮೆತ್ತನೆಯ ಬಟ್ಟೆ ಹೊರಗೆ ಬಂತು. ನಾನು ಮರಳಿ ಬರುವಷ್ಟರಲ್ಲಿ ಬೂದಿಯ ಕುಂಡಗಳನ್ನಿಟ್ಟ ಒಂದು ಇಡೀ ತಟ್ಟೆಯ ಗಿಡಗಳಲ್ಲಿ ಬಲಿತ ಎಲೆ ಒಂದೊಂದರ ಮೇಲೂ ಹೆಬ್ಬೆಟ್ಟಿನ ಅಗಲದ ಪಟ್ಟೆ ಎದ್ದು ಹೊಳೆಯುತ್ತಿತ್ತು. ಅಪ್ಪ ಮುಂದಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

"ಇಷ್ಟು ಧೂಳು ಹಿಡಿಸಿದ್ದೀರಲ್ಲಮ್ಮ. ಸರ್ಕಾರದ ಕೆಲಸ ಅಂದ್ರೆ ಹೀಗೇನಾ. ಉಸಿರಾಡೋಕಾದ್ರೂ ಬೇಡ್ವಾ ಅವಕ್ಕೆ" ಎಂದರು.

ನನಗೆ ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ತಿಂಗಳುಗಟ್ಟಲೆ ಯಾರ ಕೈಯೂ ಸೋಕದಂತೆ ಸಾಕಿದ ಗಿಡಗಳು ಅವು. ನಾವೆಲ್ಲ ಅವುಗಳ ಪಕ್ಕದಲ್ಲಿ ಸೆರಗು ಎತ್ತಿಕೊಂಡು ಓಡಾಡುತ್ತಿದ್ದೆವು. ಆದರೆ ಅಪ್ಪನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕೆಲಸ ಮಾಡಿದವರ ತೃಪ್ತಿ ಕಂಡಿತು, ಬಟ್ಟೆ ಕಿತ್ತುಕೊಳ್ಳಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಮಳೆರಾಯ ತೊಟ್ಟಿ ತುಂಬಿಸಿ ಬಂದವನು ಅದನ್ನು ನೋಡಿ, "ಅಕ್ಕಾ, ಈ ತಟ್ಟೆಗೆ ಇವತ್ತು ಬೂಷ್ಟಿನ ನೀರು ಹೊಡೀಬೇಕಿತ್ತು. ಹೊಡೀಲಾ ಬಿಡ್ಲಾ" ಎಂದ. ಹೇಗೂ ಕೆಟ್ಟಿತು, ಹೊಡಿ ಎಂದೆ.

ಅವನು ಗುಂಡಿ ಒತ್ತಿದ. ರೋಗದ ಬೀಜಕಣಗಳು ಬೆರೆತ ನೀರು ಮಂಜಾಗಿ ಇಳಿಯಿತು. ನಾನು ಸಿಟ್ಟಿನಲ್ಲೇ ಬಗ್ಗಿ ನೋಡಿದೆ, ಹಾಗೆಯೇ ನಿಂತುಬಿಟ್ಟೆ. ಅಪ್ಪ ಮುಟ್ಟದ ಕಡೆ ನೀರು ಎಲೆಗೆ ತಾಗುತ್ತಲೇ ಇಲ್ಲ. ಗುಂಡಗಿನ ಹನಿಯಾಗಿ ಎದ್ದು ನಿಲ್ಲುತ್ತದೆ, ಪಕ್ಕದ ಹನಿಯನ್ನು ಸೇರಿಸಿಕೊಳ್ಳುತ್ತದೆ, ಭಾರವಾದೊಡನೆ ಉರುಳಿ ಮಣ್ಣಿಗೆ ಬೀಳುತ್ತದೆ. ಬೀಳುವಾಗ ತನ್ನ ಮೈಗೆ ಅಂಟಿದ ಬೀಜಕಣಗಳನ್ನೂ ಹೊತ್ತುಕೊಂಡೇ ಹೋಗುತ್ತದೆ. ಅಪ್ಪ ಉಜ್ಜಿದ ಪಟ್ಟೆಯ ಮೇಲೆ ಮಾತ್ರ ಅದೇ ನೀರು ಚಪ್ಪಟೆಯಾಗಿ ಹರಡಿಕೊಂಡು ಹಾಯಾಗಿ ಮಲಗಿತ್ತು. ಒಂದೇ ಎಲೆ, ಒಂದೇ ನೀರು. ಈ ವಿಷಯವನ್ನು ಓದಿ, ಪರೀಕ್ಷೆ ಬರೆದು, ಸಂಬಳ ತಿಂದು ಇಷ್ಟು ವರ್ಷವಾಗಿದೆ ಮೊದ್ದು, ಆದರೂ ಕಣ್ಣೆದುರಿಗೆ ಹೀಗೆ ಅಕ್ಕಪಕ್ಕದಲ್ಲಿ ಕಂಡಾಗ ಮೈ ಜುಮ್ಮೆಂದಿತು.

ಮುಂದಿನ ವಾರ ಬೆಳಿಗ್ಗೆ ಬಂದರೆ ಮಳೆರಾಯ ಬಾಗಿಲಲ್ಲೇ ಕಾಯುತ್ತಿದ್ದ. ಕೈಹಿಡಿದು ಆ ತಟ್ಟೆಯ ಹತ್ತಿರ ಕರೆದುಕೊಂಡು ಹೋದ. ಎಲೆಗಳ ಮೇಲೆ ಅಪ್ಪನ ಹೆಬ್ಬೆಟ್ಟುಗಳು ಕಪ್ಪಾಗಿ ಮೂಡಿದ್ದವು. ಉಜ್ಜಿದ ಜಾಗದಲ್ಲೆಲ್ಲ ಮಸಿಯಂಥ ಬೂಷ್ಟು, ಅದರಾಚೆ ಸುತ್ತಲೂ ಎಲೆ ಮೊದಲಿನಂತೆ ಬೂದಿ ಬಣ್ಣದ್ದು, ಆರೋಗ್ಯವಾಗಿ. ಹೆಬ್ಬೆಟ್ಟು ಎಲ್ಲಿ ಇಟ್ಟಿದ್ದರು, ಯಾವ ಕಡೆಗೆ ಎಳೆದಿದ್ದರು, ಕೊನೆಯಲ್ಲಿ ಹೇಗೆ ಮೆಲ್ಲಗೆ ಎತ್ತಿದ್ದರು, ಎಲ್ಲ ಕಾಣುತ್ತಿತ್ತು. "ಅಕ್ಕಾ, ಇದು ಭಯ ಆಗೋ ಹಂಗಿದೆ" ಎಂದ ಅವನು. ನನಗೂ ಹಾಗೆಯೇ ಅನ್ನಿಸಿತ್ತು, ಆದರೆ ಭಯ ಎನ್ನುವ ಮಾತು ಅದಕ್ಕೆ ಸಾಲುವುದಿಲ್ಲ.

ಎಲೆಯೊಂದನ್ನು ದೊಡ್ಡ ಸೂಕ್ಷ್ಮದರ್ಶಕದ ಕೋಣೆಗೆ ಒಯ್ದೆ. ಅಲ್ಲಿ ಪರದೆಯ ಮೇಲೆ ಕಂಡದ್ದನ್ನು ನಿನಗೆ ಹೇಗೆ ಹೇಳಲಿ. ಮೇಣ ಎಂದರೆ ಹಚ್ಚಿದ ಲೇಪ ಎಂದು ನೀನೂ ಅಂದುಕೊಂಡಿರುತ್ತೀಯ. ಅಲ್ಲ. ಅದು ಒಂದು ಹುಲ್ಲುಗಾವಲು. ಸಣ್ಣ ಸಣ್ಣ ಕಡ್ಡಿಗಳು, ಕೊಳವೆಗಳು, ಕವಲೊಡೆದ ಟೊಂಗೆಗಳು ಒತ್ತೊತ್ತಾಗಿ ಎದ್ದು ನಿಂತಿವೆ. ನೀರಿನ ಹನಿ ಬಿದ್ದರೆ ಅದು ಈ ತುದಿಗಳ ಮೇಲೆಯೇ ಕೂರಬೇಕು, ಕೆಳಗೆಲ್ಲ ಗಾಳಿ. ಬೀಜಕಣ ಮೊಳೆಯಬೇಕಾದರೆ ನೀರಿನಲ್ಲಿ ಕೆಲವು ಗಂಟೆ ನೆನೆಯಬೇಕು, ಇಲ್ಲಿ ನೀರಿಗೆ ನಿಲ್ಲಲೂ ಎಡೆಯಿಲ್ಲ. ಎಲೆಯ ಒಳಗಿನ ಕೋಶಗಳು ಈ ಮೇಣವನ್ನು ತಯಾರಿಸಿ ಚರ್ಮದಾಚೆ ಕಳಿಸುತ್ತವೆ, ಹೊರಗೆ ಬಂದಮೇಲೆ ಅದು ತಾನಾಗಿಯೇ ಹೀಗೆ ಕಡ್ಡಿಯಾಗಿ, ಕೊಳವೆಯಾಗಿ ಕಟ್ಟಿಕೊಳ್ಳುತ್ತದೆ. ಯಾರೂ ನಿಂತು ಮೇಲ್ವಿಚಾರಣೆ ಮಾಡುವುದಿಲ್ಲ. ನಾವು ಪಲ್ಯಕ್ಕೆ ಹೆಚ್ಚುವಾಗ ಎಸೆಯುವ ಮೇಲಿನ ಎಲೆ ಇದೆಯಲ್ಲ, ಅದರ ಮೇಲೂ ಇದೇ ಕೆಲಸ ನಡೆದಿರುತ್ತದೆ. ಆ ದಿನದಿಂದ ನಾನು ಕೋಸು ಹೆಚ್ಚುವುದು ನಿಧಾನವಾಗಿದೆ, ನಿನ್ನ ಭಾವನಿಗೆ ಊಟ ತಡ.

ಎಲ್ಲ ರೋಗಕ್ಕೂ ಮೇಣವೇ ಮದ್ದು ಎಂದುಕೊಳ್ಳಬೇಡ. ಕೆಲವು ಜಾತಿಯ ಬೂಷ್ಟುಗಳು ಮಹಾ ಚಾಲಾಕು, ಅವು ಈ ಮೇಣವನ್ನೇ ಗುರುತಾಗಿ ಹಿಡಿದು, ಇದೇ ನನ್ನ ಮನೆ ಎಂದು ಒಳಗೆ ನುಗ್ಗುತ್ತವೆ. ಎಲೆ ಬೀಗ ಹಾಕಿದರೆ ಇವು ಬೀಗ ನೋಡಿ ಮನೆ ಪತ್ತೆ ಹಚ್ಚುತ್ತವೆ. ಅದನ್ನು ಯೋಚಿಸಿದರೆ ನನಗೆ ಬೂಷ್ಟಿನ ಮೇಲೂ ಗೌರವ ಬರುತ್ತದೆ, ದೊಡ್ಡವರಿಗೆ ಹೇಳಬೇಡ.

ಉಜ್ಜಿದ ಪಟ್ಟೆಯನ್ನು ಪರದೆಗೆ ತಂದಾಗ ನಾನು ಕುರ್ಚಿಯ ತುದಿಗೆ ಬಂದೆ. ಹುಲ್ಲುಗಾವಲನ್ನು ಒಂದೇ ಮಟ್ಟಕ್ಕೆ ಮಲಗಿಸಿ ನುಣ್ಣಗೆ ಒರೆಸಿದ್ದರು. ಕೆಳಗಿನ ಚರ್ಮದ ಮೇಲೆ ಒಂದು ಗೀರಿಲ್ಲ. ಹತ್ತಿಯಲ್ಲಿ ನಾನು ಉಜ್ಜಿದ ಹಳೇ ಎಲೆಯನ್ನೂ ಪಕ್ಕದಲ್ಲಿಟ್ಟು ನೋಡಿದೆ, ಅದು ಉಳುಮೆ ಮಾಡಿದ ಹೊಲದ ಹಾಗಿತ್ತು. ದೊಡ್ಡವರು ಬಂದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾರು ಮಾಡಿದ್ದು ಇದು" ಎಂದರು.

"ನಮ್ಮ ತಂದೆ, ಸರ್. ಪಾಲಿಷ್ ಕೆಲಸದವರು. ಧೂಳು ಅಂದ್ಕೊಂಡ್ರು."

ಅವರು ನಗುತ್ತಾರೆ ಅಂದುಕೊಂಡಿದ್ದೆ. "ಇನ್ನೊಂದು ಸಲ ಬೇಕು. ಬೇಕಂತಲೇ, ಲೆಕ್ಕಾಚಾರವಾಗಿ. ಕರ್ಕೊಂಡು ಬರೋಕಾಗುತ್ತಾ ಅವರನ್ನ" ಎಂದು ಕೇಳಿದರು. ಬೂದಿಯನ್ನು ಕೈಬಿಡುವ ಮಾತು ಅಲ್ಲಿಗೆ ನಿಂತಿತು.

ಆ ಸಂಜೆ ಮನೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಹೊಳಪು ಕೊಟ್ಟ ಜಾಗಕ್ಕೇ ಕಾಯಿಲೆ ಬಂತು ಎಂದಾಗ ಅವರ ಮುಖ ಸಣ್ಣದಾಯಿತು. ಜೀವನದಲ್ಲಿ ಮೊದಲ ಸಲ ಅವರ ಹೊಳಪಿನಿಂದ ಒಂದು ವಸ್ತು ಕೆಟ್ಟಿತ್ತು. ಬೆರಳು ತಿಕ್ಕಿಕೊಳ್ಳುತ್ತ, "ಅಲ್ಲಮ್ಮ, ಮರಕ್ಕೆ ನಾವು ಮೇಣ ಹಚ್ಚೋದು ಯಾಕೆ, ನೀರು ಇಳೀದೆ ಇರ್ಲಿ ಅಂತ. ಇದಕ್ಕೆ ಮೊದ್ಲೇ ಪಾಲಿಷ್ ಆಗಿದೆ ಅಂತ ಒಂದು ಮಾತು ಹೇಳಬಾರ್ದಿತ್ತಾ. ಇನ್ನೊಬ್ಬರ ಕೆಲಸದ ಮೇಲೆ ನಾನು ಯಾವತ್ತಾದ್ರೂ ಕೈ ಇಟ್ಟಿದ್ದೀನಾ" ಎಂದರು. ಎಲೆಯ ಹತ್ತಿರ ಕ್ಷಮೆ ಕೇಳುವುದೊಂದು ಬಾಕಿ. ಬೂದಿಯನ್ನು ನೀವೇ ಉಳಿಸಿದಿರಿ ಎಂದು ಎಷ್ಟು ಹೇಳಿದರೂ ಅವರಿಗೆ ಸಮಾಧಾನ ಇಲ್ಲ. ಎಳೆ ಎಲೆಯಾದರೆ ಮತ್ತೆ ಸ್ವಲ್ಪ ಮೇಣ ಕಟ್ಟಿಕೊಳ್ಳುತ್ತದೆ ಅಪ್ಪ ಎಂದೆ. "ಬಲಿತಿದ್ದು?" ಎಂದು ಕೇಳಿದರು. ಬಲಿತದ್ದಕ್ಕೆ ಆಗುವುದಿಲ್ಲ ಎಂದು ನಿಜವನ್ನೇ ಹೇಳಿದೆ.

ಎರಡನೇ ಸಲಕ್ಕೆ ಒಪ್ಪಿಸಲು ಸಾಕುಸಾಕಾಯಿತು. ಕಾಯಿಲೆ ತರಿಸಲು ನಾನು ಬರುವುದಿಲ್ಲ ಎಂದು ಕೂತರು. ಕೊನೆಗೆ ನಿನ್ನ ಭಾವ, "ಮಾವ, ಆ ಹತ್ತು ಎಲೆಗೆ ಕಾಯಿಲೆ ಬಂದ್ರೆ ಹೊಲದಲ್ಲಿರೋ ಲಕ್ಷ ಎಲೆ ಉಳಿಯುತ್ತೆ" ಎಂದು ಪುಸಲಾಯಿಸಿದರು. ಈ ಸಲ ಕೆಲಸ ಕಷ್ಟದ್ದು. ಪ್ರತಿ ಎಲೆಯಲ್ಲೂ ನಡುನರದ ಎಡಭಾಗವನ್ನು ಪೂರ್ತಿ ಉಜ್ಜಬೇಕು, ಬಲಭಾಗಕ್ಕೆ ಬೆರಳು ಸೋಕಬಾರದು. ಎಲೆಯನ್ನು ಒಂದು ಕೈಯ ಬೆರಳುಗಳ ಮೇಲೆ ಮಲಗಿಸಿಕೊಂಡು ಇನ್ನೊಂದು ಕೈಯಿಂದ ಅಪ್ಪ ಶುರುಮಾಡಿದರು. ಮಳೆರಾಯ ನನ್ನ ಕಿವಿಯಲ್ಲಿ, "ಕಣ್ಣು ಮುಚ್ಚಿಕೊಂಡೇ ಉಜ್ತಾರಲ್ಲ ಅಕ್ಕ, ಧ್ಯಾನ ಮಾಡೋರ ಥರ" ಎಂದ. ಗಾಜುಮನೆಯಲ್ಲಿ ಆಗ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಫಲಿತಾಂಶ ಮೊನ್ನೆ ಬಂತು. ಎಲೆಗಳು ಎಡಕ್ಕೆ ಕಪ್ಪು, ಬಲಕ್ಕೆ ಬೂದಿ, ನಡುವೆ ನರದ ಗೆರೆ. ಒಂದೇ ಒಂದು ಎಲೆಯಲ್ಲೂ ಕಪ್ಪು ಗೆರೆ ದಾಟಿಲ್ಲ. ನೋಡಲು ಪಕ್ಕದ ವಿಭಾಗದವರೆಲ್ಲ ಬಂದು ಹೋದರು. ನನಗೆ ಗೆರೆಗಿಂತ ಹೆಚ್ಚು ಬೆರಗಾದದ್ದು ಕಪ್ಪು ಎಲ್ಲ ಕಡೆ ಒಂದೇ ಸಮನಾಗಿದ್ದದ್ದು. ಬೂಷ್ಟಿಗೆ ಯಾರ ಮುಲಾಜೂ ಇಲ್ಲ ನೋಡು. ಕೈ ಒಂದೆಡೆ ಹಗುರ, ಒಂದೆಡೆ ಭಾರ ಆಗಿದ್ದರೆ, ಒಂದು ಚೂರು ಜಾಗ ತಪ್ಪಿದ್ದರೆ, ಅಲ್ಲಿ ಮೇಣ ಉಳಿದು ಬೂದಿ ಬಣ್ಣದ ತೇಪೆ ಕಾಣಬೇಕಿತ್ತು. ಅಂಚಿನಿಂದ ನರದವರೆಗೆ ಎಲ್ಲಿಯೂ ತೇಪೆ ಇಲ್ಲ.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ ಇದು. ಅಪ್ಪನ ಕೈ ಹೋಗಿಲ್ಲ. ಅದನ್ನು ನಾನು ಮಗಳಾಗಿ ಹೇಳುತ್ತಿಲ್ಲ, ಬೂಷ್ಟು ಸಾಕ್ಷಿ ಹೇಳಿದೆ. ಲೈಬ್ರರಿಯವರ ಮೇಜುಗಳ ಕೆಲಸ ಒಪ್ಪಿಕೋ. ಅಂಗಡಿ ಮುಚ್ಚಬೇಡ. ಮರಕ್ಕೆ ಬಣ್ಣ ಕಲಸುವುದು, ಹಚ್ಚುವುದು ಮಾತ್ರ ಇನ್ನು ಮುಂದೆ ನೀನು ಮಾಡು, ಉಜ್ಜುವುದನ್ನು ಅವರಿಗೆ ಬಿಡು. ಬಣ್ಣ ಯಾಕೆ ನೀನು ಎಂದು ಅವರು ಕೇಳಿದರೆ, ಲೈಬ್ರರಿಯವರು ಹಾಗೆ ಹೇಳಿದ್ದಾರೆ ಎಂದು ಏನಾದರೂ ಸಬೂಬು ಹೇಳು. ಸುಳ್ಳು ಹೇಳುವುದರಲ್ಲಿ ನೀನು ಚಿಕ್ಕಂದಿನಿಂದಲೂ ನನಗಿಂತ ಮುಂದೆ.

ಬರುವ ಭಾನುವಾರ ನಿನ್ನ ಭಾವ ಅಪ್ಪನನ್ನು ಕರೆದುಕೊಂಡು ಬರುತ್ತಾರೆ. ಬಸ್ ನಿಲ್ದಾಣಕ್ಕೆ ನೀನೇ ಹೋಗು. ಹಳೇ ಜಗಳ ತೆಗೆಯಬೇಡ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಗುವಿನ ಕೆನ್ನೆಗೊಂದು ಮುತ್ತು. ನೀನು ಕೊಯ್ದ ಮರ ಸೀಳದಿರಲಿ, ನಿನ್ನ ಬೆರಳುಗಳು ಗರಗಸದಿಂದ ದೂರ ಇರಲಿ, ನಿನ್ನ ಅಂಗಡಿಯಲ್ಲಿ ಅಪ್ಪನ ಕೆಮ್ಮು ಇನ್ನೂ ಬಹಳ ವರ್ಷ ಕೇಳಲಿ.

ನಿನ್ನ ಅಕ್ಕ

ಬರೆದು ಮುಗಿಸಿದ ಮೇಲೆ:

ಲಕೋಟೆಗೆ ಹಾಕಿ ಅಂಟಿಸಲು ಹೊರಟಿದ್ದೆ, ಕೈ ಬರಲಿಲ್ಲ. ಮೇಲೆ ಬರೆಯುವಾಗ ಒಂದು ವಿಷಯವನ್ನು ಹಾರಿಸಿದ್ದೇನೆ. ಮೊದಲ ಸಲ ರೋಗ ಬಂದ ದಿನ ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ ಎಂದೆನಲ್ಲ, ಹೇಳುವುದಕ್ಕೆ ಮುಂಚೆ ತೋರಿಸಿದ್ದೆ. ಸಂತೋಷ ತಡೆಯಲಾರದೆ ಒಂದು ಎಲೆಯನ್ನು ಮುಚ್ಚಳವಿರುವ ಗಾಜಿನ ತಟ್ಟೆಯಲ್ಲಿಟ್ಟು, ಸುತ್ತ ಟೇಪು ಸುತ್ತಿ ಮನೆಗೆ ತಂದಿದ್ದೆ. ಬೂಷ್ಟು ಹರಡಬಾರದಲ್ಲ, ಹಾಗಾಗಿ ಮುಟ್ಟಲು ಕೊಡಲಿಲ್ಲ, ಕಿಟಕಿಯ ಬೆಳಕಿನಲ್ಲಿ ಅವರ ಮುಖದ ಮುಂದೆ ಹಿಡಿದು, "ನೋಡಿ ಅಪ್ಪ, ನೀವು ಉಜ್ಜಿದ ಎಲೆ" ಎಂದೆ. ಕಪ್ಪು ಹೆಬ್ಬೆಟ್ಟು ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಅವರು ಬಗ್ಗಿ ನೋಡಿದರು, ಮುಖ ಅರಳಿತು.

"ನೋಡ್ದ್ಯಾ, ಇನ್ನೂ ಹೊಳಪು ಹೋಗಿಲ್ಲ" ಎಂದರು.

ಗಾಜು ಹೊಳೆದಿರಬೇಕು, ಅದನ್ನು ಹೇಳುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನನ್ನ ಕಸುಬು ನಿನಗೆ ಗೊತ್ತಲ್ಲ, ಯಾವುದನ್ನೂ ಒಂದೇ ಸಲ ನೋಡಿ ನಂಬುವವಳಲ್ಲ, ಪಕ್ಕದಲ್ಲಿ ಹೋಲಿಕೆಗೆ ಇನ್ನೊಂದನ್ನು ಇಡಲೇಬೇಕು. ಚೀಲದಲ್ಲಿ ಅಂಥದೇ ಖಾಲಿ ತಟ್ಟೆಯೊಂದಿತ್ತು. ತೆಗೆದು ಅದೇ ಬೆಳಕಿನಲ್ಲಿ ಹಿಡಿದೆ. "ಇದು ನೀವು ಉಜ್ಜದೆ ಬಿಟ್ಟಿದ್ದು, ಅಪ್ಪ" ಎಂದೆ. ಹೆತ್ತ ತಂದೆಗೆ ಹಾಗೆ ಮಾಡಿದೆ.

ಅವರು ಬಹಳ ಹೊತ್ತು ನೋಡಿದರು. "ಇದು ಮಂಕಾಗಿದೆ. ಇದಕ್ಕೂ ಒಂದು ಕೈ ಹಾಕಿದ್ರೆ ಚೆನ್ನಾಗಿರ್ತಿತ್ತು" ಎಂದರು.

ನಾನು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಅದರ ಪೊಳ್ಳು ಸದ್ದಿನಲ್ಲೇ ಅವರಿಗೆ ಗೊತ್ತಾಗಿಹೋಯಿತು. ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಹೋದದ್ದು ವಾಪಸ್ ಬರುವುದಿಲ್ಲವಂತೆ, ಎಡಗಣ್ಣಿನಲ್ಲಿ ಉಳಿದಿರುವ ಚೂರು ಬೆಳಕನ್ನು ಹನಿಮದ್ದು ಹಾಕಿ ಕಾಪಾಡಿಕೊಳ್ಳಬೇಕಂತೆ. ಎರಡನೇ ಸಲ ಅವರನ್ನು ಗಾಜುಮನೆಗೆ ಕರೆದೊಯ್ದದ್ದು ದೊಡ್ಡವರಿಗೆ ಕೋಸಿನ ಪರೀಕ್ಷೆ. ನಾನು ನೋಡುತ್ತಿದ್ದದ್ದು ಅಪ್ಪನ ಕೈಯನ್ನು, ನಿನಗಾಗಿ.

ಎಲೆ ತೋರಿಸಿದ ಆ ಸಂಜೆ, ಕಿಟಕಿಯ ಹತ್ತಿರ ಅವರೇ ಮೊದಲು ಮಾತಾಡಿದ್ದು.

"ಖಾಲಿ ತಟ್ಟೇನಾ?"

"ಹೂಂ ಅಪ್ಪ."

ಅವರು ಗೋಡೆ ಸವರಿಕೊಂಡು ಕುರ್ಚಿಗೆ ಹೋಗಿ ಕೂತರು. ಈ ಸಲ ಸುಣ್ಣದವನನ್ನು ಬೈಯಲಿಲ್ಲ. "ಮೊದ್ದುಗೆ ಬರೀಬೇಡಮ್ಮ. ಅಂಗಡಿ ಬಾಗಿಲು ಹಾಕಿಬಿಡ್ತಾನೆ" ಎಂದರು.

ಬರೆಯುವುದಿಲ್ಲ ಅಪ್ಪ ಎಂದು ಅವರ ಕೈ ಹಿಡಿದು ಹೇಳಿದ್ದೇನೆ. ಬಾಗಿಲು ಹಾಕಬೇಡ ಕಣೋ.